ಉಪವಾಸವು ಕರುಳಿಗೆ ಮದ್ದಾಗಬಲ್ಲುದೆ?

ಒಂದು ಹೊತ್ತು ಉಂಡವನು ಯೋಗಿ, ಎರಡು ಹೊತ್ತು ಉಂಡವನು ಭೋಗಿ, ಮೂರು ಹೊತ್ತು ಉಂಡವನು ರೋಗಿ ಎಂಬ ಗಾದೆಯನ್ನು ಕೇಳದ ಕನ್ನಡಿಗರು ವಿರಳ. ಬೆಂಗಳೂರು ಗ್ರಾಮಾಂತರವೆಂದು ಹೆಸರಾದ ದೊಡ್ಡಬಳ್ಳಾಪುರ, ದೇವನಹಳ್ಳಿ, ಹೊಸಕೋಟೆ, ನೆಲಮಂಗಲಗಳ ಸೀಮೆಯಲ್ಲಿ ಈ ಗಾದೆಯು ಬಾಯಿಮಾತಾಗಿ ಮಾತ್ರ ಉಳಿದಿಲ್ಲ, ನಡೆವಳಿಕೆಯಲ್ಲಿಯೂ ಬೆರೆತಿದೆ. ಷಷ್ಠಿಯಂದು ಘಾಟಿ ಸುಬ್ರಹ್ಮಣ್ಯನ ಗುಡಿಗೆ ಬರಿಹೊಟ್ಟೆಯಲ್ಲಿ ನಡೆದುಹೋಗುವವರುಂಟು. ಶಿವರಾತ್ರಿಯಂದು ಉಪವಾಸವಿದ್ದು ಶಿವಗಂಗೆಯ ಬೆಟ್ಟವನ್ನೇರುವವರುಂಟು. ಕಾರ್ತಿಕ ಮಾಸದ ಸೋಮವಾರಗಳಲ್ಲಿ ಒಪ್ಪತ್ತು ಮಾಡುವ ಮನೆಗಳು ಹಲವು. ರಂಜಾನ್ ತಿಂಗಳಿನಲ್ಲಿ ಹೊತ್ತು ಹುಟ್ಟುವ ಮೊದಲಿನಿಂದ ಹೊತ್ತು ಮುಳುಗುವವರೆಗೆ ಹನಿ ನೀರನ್ನೂ ಮುಟ್ಟದ ಮನೆಗಳೂ ಈ ನಾಲ್ಕು ತಾಲೂಕುಗಳಲ್ಲಿವೆ. ಉಪವಾಸವೆಂಬುದು ಇಲ್ಲಿಯ ಜನರಿಗೆ ಹೊಸ ವಿದ್ಯೆಯೇನೂ ಅಲ್ಲ.

ಇಂಥ ಒಂದು ಮನೆಯನ್ನು ಕಲ್ಪಿಸಿಕೊಳ್ಳೋಣ. ಹಗಲಿರುಳೂ ಮಗ್ಗದ ಸದ್ದು ಕೇಳಿಬರುವ ದೊಡ್ಡಬಳ್ಳಾಪುರದ ಒಂದು ಓಣಿ. ಮನೆಯ ಹಿರಿಯ ಮಗ ಕಾಲೇಜಿನಲ್ಲಿ ಓದುತ್ತಿದ್ದಾನೆ. ಮೂರು ತಿಂಗಳಿನಿಂದ ಅವನಿಗೆ ದಿನಕ್ಕೆ ಆರೆಂಟು ಸಲ ಭೇದಿ. ಮಲದಲ್ಲಿ ರಕ್ತ ಕಾಣುತ್ತಿದೆ. ಅಂಗಿ ದಿನದಿನಕ್ಕೆ ಸಡಿಲವಾಗುತ್ತಿದೆ. ಆಮಶಂಕೆ ಇರಬಹುದೆಂದು ಮಾತ್ರೆ ನುಂಗಿದ್ದಾಯಿತು, ಗುಣ ಕಾಣಲಿಲ್ಲ. “ಎರಡು ದಿನ ಹೊಟ್ಟೆಗೆ ಏನೂ ಹಾಕಬೇಡ ಕಣೋ ಮಗ, ಕರುಳು ತಾನಾಗಿಯೇ ತಣ್ಣಗಾಗುತ್ತೆ” ಎನ್ನುತ್ತಾಳೆ ಅಜ್ಜಿ. ಗೆಳೆಯನೊಬ್ಬನು ಮೊಬೈಲಿನಲ್ಲಿ ಓದಿದ್ದನ್ನು ಹೇಳುತ್ತಾನೆ: ದಿನದ 24 ಗಂಟೆಗಳಲ್ಲಿ 16 ಗಂಟೆ ಉಪವಾಸ, ಉಳಿದ 8 ಗಂಟೆಗಳೊಳಗೆ ಊಟ, ಹೀಗೆ ಮಾಡಿದರೆ ಕರುಳಿನ ಉರಿ ಆರುತ್ತದಂತೆ. ಅಜ್ಜಿಯ ಮಾತೂ ಮೊಬೈಲಿನ ಮಾತೂ ಒಂದೇ ಆದಾಗ ಅದು ನಿಜವಿರಲೇಬೇಕೆಂದು ಯಾರಿಗಾದರೂ ತೋರುವುದು ಸಹಜ. ಅದು ಎಷ್ಟರಮಟ್ಟಿಗೆ ನಿಜ? ಈ ಪ್ರಶ್ನೆಗೆ ತಪ್ಪು ಉತ್ತರ ಕೊಟ್ಟುಕೊಂಡರೆ ಆ ಹುಡುಗನ ಪ್ರಾಣಕ್ಕೇ ಕುತ್ತು ಬರಬಹುದು. ಆದುದರಿಂದ ವಿಷಯವನ್ನು ಸ್ವಲ್ಪ ನಿಧಾನವಾಗಿ ವಿಚಾರಿಸಿ ನೋಡೋಣ.

ಈ ಬೇನೆ ಯಾವುದು?

ನಮ್ಮ ಸಣ್ಣಕರುಳು ಸುಮಾರು 6 ಮೀಟರು ಉದ್ದವಿದೆ. ದೊಡ್ಡಕರುಳು ಸುಮಾರು ಒಂದೂವರೆ ಮೀಟರು. ಇವುಗಳ ಒಳಮೈಯನ್ನು ಹೊದಿಸಿರುವ ಜೀವಕೋಶಗಳ ಪೊರೆಯು ಬಹಳ ತೆಳುವಾದುದು. ಒಂದೇ ಒಂದು ಜೀವಕೋಶದಷ್ಟು ದಪ್ಪ. ಈ ಪೊರೆಯ ಒಂದು ಬದಿಯಲ್ಲಿ ನಾವು ಉಂಡ ಅನ್ನವೂ ಕೋಟ್ಯಂತರ ಸೂಕ್ಷ್ಮಜೀವಿಗಳೂ ಇವೆ. ಇನ್ನೊಂದು ಬದಿಯಲ್ಲಿ ನಮ್ಮ ರಕ್ತವೂ ಅದನ್ನು ಕಾಯುವ ಬಿಳಿಯ ರಕ್ತಕಣಗಳೂ ಇವೆ. ಹಳ್ಳಿಯ ಹೊಲಕ್ಕೆ ಬೇಲಿಯಿದ್ದಂತೆ ಈ ಪೊರೆ. ಬೇಲಿಯು ನಾಲ್ಕೈದು ದಿನಗಳಿಗೊಮ್ಮೆ ಹೊಸದಾಗಿ ಹುಟ್ಟುತ್ತಿರುವುದರಿಂದ ಸಣ್ಣಪುಟ್ಟ ಗಾಯಗಳು ಬೇಗ ಮಾಯುತ್ತವೆ.

ಕೆಲವರಲ್ಲಿ ಈ ಏರ್ಪಾಡು ಕೆಡುತ್ತದೆ. ಶತ್ರು ಇಲ್ಲದಿದ್ದರೂ ಕಾವಲುಗಾರರು ಕೋಲೆತ್ತುತ್ತಾರೆ. ಎತ್ತಿದ ಕೋಲನ್ನು ಇಳಿಸುವುದೇ ಇಲ್ಲ. ಆಗ ಕರುಳಿನ ಗೋಡೆ ಕೆಂಪಾಗಿ ಊದಿಕೊಂಡು ಹುಣ್ಣಾಗುತ್ತದೆ. ಇದಕ್ಕೆ ಕರುಳಿನ ಉರಿಯೂತದ ರೋಗವೆಂದು ಹೆಸರು. ಇದರಲ್ಲಿ ಮುಖ್ಯವಾಗಿ ಎರಡು ಬಗೆ. ಮೊದಲನೆಯದು ದೊಡ್ಡಕರುಳಿನ ಒಳಪೊರೆಯನ್ನು ಮಾತ್ರ ಹಿಡಿಯುವ ಅಲ್ಸರೇಟಿವ್ ಕೊಲೈಟಿಸ್. ಲಂಡನ್ನಿನ ಸ್ಯಾಮ್ಯುಯೆಲ್ ವಿಲ್ಕ್ಸ್ ಎಂಬ ವೈದ್ಯನು 1859ರಲ್ಲಿ ಇದನ್ನು ವರ್ಣಿಸಿದನು. ಎರಡನೆಯದು ಬಾಯಿಯಿಂದ ಗುದದವರೆಗೆ ಎಲ್ಲಿ ಬೇಕಾದರೂ ತೋರಬಹುದಾದ, ಗೋಡೆಯ ಇಡೀ ದಪ್ಪವನ್ನೂ ಕೊರೆಯಬಲ್ಲ ಕ್ರೋನ್ ರೋಗ. 1932ರಲ್ಲಿ ನ್ಯೂಯಾರ್ಕಿನ ಮೌಂಟ್ ಸಿನಾಯ್ ಆಸ್ಪತ್ರೆಯ ಬರಿಲ್ ಕ್ರೋನ್, ಲಿಯಾನ್ ಗಿನ್ಸ್‌ಬರ್ಗ್, ಗೋರ್ಡನ್ ಓಪನ್‌ಹೈಮರ್ ಎಂಬ ಮೂವರು ಇದನ್ನು ಬೇರೆಯ ರೋಗವೆಂದು ಗುರುತಿಸಿ ಬರೆದರು. ಎರಡೂ ಬಗೆಗಳಲ್ಲಿ ರೋಗವು ಕೆರಳುವುದೂ ತಣಿಯುವುದೂ ಉಂಟು. ಒಮ್ಮೆ ತಣಿದುದು ಮತ್ತೆ ವರುಷಗಳ ಮೇಲೆ ಕೆರಳಬಹುದು. ಈ ಏರಿಳಿತವನ್ನು ವಾಚಕರು ನೆನಪಿನಲ್ಲಿಡಬೇಕು. ರೋಗವು ತಾನಾಗಿ ತಣಿಯುವ ವಾರದಲ್ಲಿಯೇ ರೋಗಿಯು ಉಪವಾಸ ಮಾಡಿದ್ದರೆ, ಕೀರ್ತಿಯು ಉಪವಾಸಕ್ಕೆ ಸಲ್ಲುತ್ತದೆ!

ನಮ್ಮ ದೇಶದಲ್ಲಿ ಇನ್ನೊಂದು ತೊಡಕು ಉಂಟು. ಕರುಳಿಗೆ ತಗಲುವ ಕ್ಷಯವು ಸಣ್ಣಕರುಳೂ ದೊಡ್ಡಕರುಳೂ ಕೂಡುವ ಎಡೆಯಲ್ಲಿಯೇ ಹೆಚ್ಚಾಗಿ ನೆಲಸುತ್ತದೆ. ಕ್ರೋನ್ ರೋಗಕ್ಕೂ ಅದೇ ಎಡೆ ಪ್ರಿಯವಾದುದು. ಹೊಟ್ಟೆನೋವು, ಜ್ವರ, ತೂಕ ಇಳಿತ ಎರಡರಲ್ಲಿಯೂ ಒಂದೇ. ಆದರೆ ಕ್ರೋನ್ ರೋಗಕ್ಕೆ ಕೊಡುವ ಸ್ಟೀರಾಯ್ಡ್ ಔಷಧವು ಕ್ಷಯವನ್ನು ಉಲ್ಬಣಗೊಳಿಸುತ್ತದೆ. ಆದುದರಿಂದ ಕೊಳವೆ ಹಾಕಿ ಕರುಳನ್ನು ನೋಡಿ, ಚೂರನ್ನು ತೆಗೆದು ಪರೀಕ್ಷಿಸದೆ ಯಾವ ಚಿಕಿತ್ಸೆಗೂ ತೊಡಗುವುದು ಕತ್ತಲೆಯಲ್ಲಿ ಕಲ್ಲೆಸೆದಂತೆ. ನಮ್ಮ ಹುಡುಗನು ಉಪವಾಸದಲ್ಲಿ ಕಳೆಯುವ ಪ್ರತಿ ವಾರವೂ ಈ ಪರೀಕ್ಷೆಯನ್ನು ಒಂದು ವಾರ ಮುಂದೂಡಿದಂತೆ ಆಗುತ್ತದೆ.

ಪಟ್ಟಣದ ದಾರಿ ಹಿಡಿದ ರೋಗ

ಒಂದು ಕಾಲದಲ್ಲಿ ಇದನ್ನು ಪಾಶ್ಚಾತ್ಯರ ರೋಗವೆಂದು ಎಣಿಸುತ್ತಿದ್ದರು. ಆ ಎಣಿಕೆ ತಪ್ಪಾಯಿತು. ಪಂಜಾಬಿನಲ್ಲಿ ಮನೆಮನೆಗೂ ಹೋಗಿ ನಡೆಸಿದ ಸಮೀಕ್ಷೆಯೊಂದು 2003ರಲ್ಲಿ ಪ್ರಕಟವಾಯಿತು. ಲಕ್ಷಕ್ಕೆ 44 ಮಂದಿಯಲ್ಲಿ ಕೊಲೈಟಿಸ್ ಇರುವುದು ಅದರಿಂದ ತಿಳಿದುಬಂದಿತು. ಭಾರತದಲ್ಲಿ ಈ ಎರಡು ರೋಗಗಳಿಂದ ನರಳುವವರ ಸಂಖ್ಯೆ 1990ರಲ್ಲಿ ಸುಮಾರು 1.3 ಲಕ್ಷವಿದ್ದುದು 2019ರ ವೇಳೆಗೆ ಸುಮಾರು 2.7 ಲಕ್ಷಕ್ಕೆ ಏರಿತೆಂದು ಅಂದಾಜು. ಇಂಗ್ಲೆಂಡಿನ ಲೆಸ್ಟರ್ ನಗರಕ್ಕೆ ಹೋಗಿ ನೆಲಸಿದ ಭಾರತೀಯ ಮೂಲದವರಲ್ಲಿ ಕೊಲೈಟಿಸ್ ಅಲ್ಲಿಯ ಬಿಳಿಯರಿಗಿಂತಲೂ ಹೆಚ್ಚೆಂದು 1990ರ ದಶಕದಲ್ಲಿಯೇ ಕಂಡುಬಂದಿತ್ತು. ರಕ್ತ ಅದೇ, ಊರು ಬೇರೆ, ರೋಗ ಹೆಚ್ಚು. ಎಂದಮೇಲೆ ಜೀವನಕ್ರಮದಲ್ಲಿ ಏನೋ ಒಂದು ಕಾರಣ ಇರಲೇಬೇಕು.

ಊರು ಬಿಟ್ಟು ಹೋಗದೆಯೇ ಜೀವನಕ್ರಮ ಬದಲಾಗುವುದನ್ನು ನೋಡಬೇಕಾದರೆ ದೇವನಹಳ್ಳಿಗೆ ಬರಬೇಕು. 2008ರಲ್ಲಿ ಅಲ್ಲಿ ವಿಮಾನನಿಲ್ದಾಣ ತೆರೆಯಿತು. ದ್ರಾಕ್ಷಿಯ ತೋಟಗಳಿದ್ದೆಡೆ ಬಡಾವಣೆಗಳೆದ್ದವು. ರಾಗಿ ಹೊಲದಲ್ಲಿ ಹೊತ್ತು ಮುಳುಗುವ ಮುನ್ನ ಕೆಲಸ ಮುಗಿಸುತ್ತಿದ್ದವರ ಮಕ್ಕಳು ರಾತ್ರಿಯ ಪಾಳಿಯಲ್ಲಿ ದುಡಿದು, ನಡುರಾತ್ರಿ ಪೊಟ್ಟಣದ ತಿಂಡಿ ತಿನ್ನುವಂತಾಯಿತು. ಪೊಟ್ಟಣದ ತಿನಿಸುಗಳಲ್ಲಿ ಎಣ್ಣೆಯನ್ನೂ ನೀರನ್ನೂ ಬೆರೆಸಿಡಲು ಹಾಕುವ ಕೆಲವು ರಾಸಾಯನಿಕಗಳು ಇಲಿಗಳ ಕರುಳಿನ ಲೋಳೆಯನ್ನು ತೆಳುವಾಗಿಸಿ ಉರಿಯೂತವನ್ನು ಉಂಟುಮಾಡಿದುದು 2015ರಲ್ಲಿ ಕಂಡುಬಂದಿದೆ. ಇಲಿಯ ವಿಷಯ ಮನುಷ್ಯನಿಗೆ ಹಾಗೆಯೇ ಅನ್ವಯಿಸುವುದೆಂದು ಹೇಳಲಾಗದು. ಆದರೂ ಏನು ತಿನ್ನುತ್ತೇವೆ ಎಂಬುದರ ಜೊತೆಗೆ ಯಾವಾಗ ತಿನ್ನುತ್ತೇವೆ ಎಂಬುದನ್ನೂ ಕೇಳಬೇಕೆಂಬ ಎಚ್ಚರ ವಿಜ್ಞಾನಿಗಳಲ್ಲಿ ಮೂಡಿದೆ.

ಬರಿಹೊಟ್ಟೆಯಲ್ಲಿ ನಡೆಯುವುದೇನು?

ಹೊಟ್ಟೆ ಖಾಲಿಯಾದಾಗ ಕರುಳು ಸುಮ್ಮನೆ ಮಲಗಿರುತ್ತದೆಂದು ನಾವು ತಿಳಿದಿರುವುದು ಸರಿಯಲ್ಲ. ಉಂಡದ್ದು ಜೀರ್ಣವಾಗಿ ಮುಂದೆ ಸಾಗಿದ ಮೇಲೆ, ಸುಮಾರು ಒಂದೂವರೆ ಎರಡು ಗಂಟೆಗೊಮ್ಮೆ ಜಠರದಿಂದ ಸಣ್ಣಕರುಳಿನ ಕೊನೆಯವರೆಗೆ ಒಂದು ಬಲವಾದ ಅಲೆ ಹರಿಯುತ್ತದೆ. ಅಳಿದುಳಿದ ಚೂರುಗಳನ್ನೂ ಸೂಕ್ಷ್ಮಜೀವಿಗಳನ್ನೂ ಅದು ಮುಂದಕ್ಕೆ ಗುಡಿಸಿಕೊಂಡು ಹೋಗುತ್ತದೆ. ಮನೆಯವರು ಮಲಗುವ ಮುನ್ನ ಅಡಿಗೆಮನೆಯನ್ನು ಸಾರಿಸಿದಂತೆ ಇದು. ಆಗಾಗ ಏನನ್ನಾದರೂ ಬಾಯಾಡಿಸುತ್ತಿದ್ದರೆ ಈ ಸಾರಿಸುವ ಕೆಲಸ ನಿಂತುಹೋಗುತ್ತದೆ.

ಉಪವಾಸವು ಮುಂದುವರಿದಂತೆ ಯಕೃತ್ತಿನಲ್ಲಿ ಕೂಡಿಟ್ಟ ಸಕ್ಕರೆ ಕರಗುತ್ತ ಬಂದು ದೇಹವು ಕೊಬ್ಬನ್ನು ಉರಿಸತೊಡಗುತ್ತದೆ. ಜೀವಕೋಶಗಳೂ ಮಿತವ್ಯಯಕ್ಕೆ ಇಳಿಯುತ್ತವೆ. ತಮ್ಮೊಳಗಿನ ಹಳೆಯ, ಕೆಟ್ಟ ಭಾಗಗಳನ್ನು ಒಡೆದು ಮತ್ತೆ ಬಳಸಿಕೊಳ್ಳುತ್ತವೆ. ಈ ಸ್ವಭಕ್ಷಣ ಕ್ರಿಯೆಯ ಗುಟ್ಟನ್ನು ಹೊರಗೆಡಹಿದುದಕ್ಕಾಗಿ ಜಪಾನಿನ ಯೋಶಿನೋರಿ ಓಸುಮಿಯವರಿಗೆ 2016ರಲ್ಲಿ ನೊಬೆಲ್ ಬಹುಮಾನ ಬಂದಿತು. ಸ್ವಭಕ್ಷಣಕ್ಕೆ ಬೇಕಾದ ಒಂದು ಜೀನು ಬದಲಾಗಿರುವವರಲ್ಲಿ ಕ್ರೋನ್ ರೋಗದ ಸಂಭವ ಹೆಚ್ಚೆಂದು 2007ರಲ್ಲಿಯೇ ತಿಳಿದಿದ್ದುದರಿಂದ, ಉಪವಾಸಕ್ಕೂ ಈ ರೋಗಕ್ಕೂ ನಂಟಿರಬಹುದೆಂಬ ಆಸೆ ಚಿಗುರಿತು. ಕ್ರೋನನು ದುಡಿದ ಮೌಂಟ್ ಸಿನಾಯ್ ಸಂಸ್ಥೆಯಿಂದಲೇ 2019ರಲ್ಲಿ ಇನ್ನೊಂದು ವರ್ತಮಾನ ಬಂದಿತು: ಆರೋಗ್ಯವಂತರು ಹಲವು ಗಂಟೆಗಳ ಕಾಲ ಉಪವಾಸವಿದ್ದಾಗ ಉರಿಯೂತಕ್ಕೆ ಕಾರಣವಾಗುವ ಒಂದು ಬಗೆಯ ಬಿಳಿಯ ರಕ್ತಕಣಗಳು ಅವರ ರಕ್ತದಲ್ಲಿ ಕಡಿಮೆಯಾಗಿದ್ದವು. ಅಜ್ಜಿಯ ಮಾತಿಗೆ ಆಧಾರ ಸಿಕ್ಕಿತಲ್ಲವೆ? ಅವಸರ ಬೇಡ, ಆರೋಗ್ಯವಂತನ ಕರುಳು ಬೇರೆ, ಹುಣ್ಣಾದ ಕರುಳು ಬೇರೆ.

ವಿಶ್ರಾಂತಿಯ ಹಳೆಯ ಪರೀಕ್ಷೆ

ಕರುಳಿಗೆ ಬಿಡುವು ಕೊಟ್ಟರೆ ಅದು ಮಾಯುತ್ತದೆಂಬ ನಂಬಿಕೆ ನಮ್ಮ ಅಜ್ಜಿಯರದಷ್ಟೇ ಅಲ್ಲ. ದೊಡ್ಡ ಆಸ್ಪತ್ರೆಗಳ ವೈದ್ಯರದೂ ಆಗಿತ್ತು. ಮುರಿದ ಕೈಗೆ ಪಟ್ಟಿ ಕಟ್ಟಿ ಅಲ್ಲಾಡಿಸದೆ ಇಡುವುದಿಲ್ಲವೆ? ಹಾಗೆಯೇ ಕರುಳಿಗೂ ಎಂದು ಅವರು ತರ್ಕಿಸಿದರು. ರೋಗಿಯ ಬಾಯಿಗೆ ಏನನ್ನೂ ಕೊಡದೆ, ಪೋಷಕ ದ್ರವವನ್ನು ನೇರವಾಗಿ ರಕ್ತನಾಳಕ್ಕೆ ಹರಿಸುವ ಪದ್ಧತಿ 1970ರ ದಶಕದಿಂದ ಬಳಕೆಗೆ ಬಂದಿತು. ತರ್ಕವು ಸೊಗಸಾಗಿತ್ತು, ಆದರೆ ಸೊಗಸಾದ ತರ್ಕವನ್ನೂ ಪರೀಕ್ಷೆಗೆ ಒಡ್ಡುವುದೇ ವಿಜ್ಞಾನದ ಕ್ರಮ.

ಇಂಗ್ಲೆಂಡಿನಲ್ಲಿ ತೀವ್ರವಾದ ಕೊಲೈಟಿಸ್ ರೋಗಿಗಳನ್ನು ಎರಡು ಗುಂಪು ಮಾಡಿ, ಒಂದು ಗುಂಪಿಗೆ ಬಾಯಿಯ ಆಹಾರವನ್ನು ಪೂರ್ತಿಯಾಗಿ ನಿಲ್ಲಿಸಿ, ಇನ್ನೊಂದಕ್ಕೆ ಎಂದಿನಂತೆ ಊಟ ಕೊಟ್ಟು ನೋಡಿದರು. 1986ರಲ್ಲಿ ಪ್ರಕಟವಾದ ಆ ಪ್ರಯೋಗದಲ್ಲಿ ಬಿಡುವಿನಿಂದ ಯಾವ ಲಾಭವೂ ಕಾಣಲಿಲ್ಲ. ಕೆನಡಾ ಮತ್ತು ಅಮೆರಿಕದ ವೈದ್ಯರು ಸೇರಿ 1988ರಲ್ಲಿ ಪ್ರಕಟಿಸಿದ ಇನ್ನೊಂದು ಪ್ರಯೋಗದಲ್ಲಿ ಭಾರತೀಯ ಮೂಲದ ಖುರ್ಷೀದ್ ಜೀಜೀಬಾಯ್ ಅವರೂ ಇದ್ದರು. ಕೆರಳಿದ ಕ್ರೋನ್ ರೋಗವಿದ್ದ 51 ಮಂದಿಯನ್ನು ಮೂರು ಗುಂಪು ಮಾಡಿದರು. ಒಂದು ಗುಂಪಿನ ಕರುಳಿಗೆ ಪೂರ್ಣ ಬಿಡುವು. ಎರಡನೆಯದಕ್ಕೆ ಮೂಗಿನ ಕೊಳವೆಯಿಂದ ದ್ರವಾಹಾರ. ಮೂರನೆಯದಕ್ಕೆ ರಕ್ತನಾಳದಿಂದ ಸ್ವಲ್ಪ ಪೋಷಣೆ, ಜೊತೆಗೆ ಬಾಯಿಯಿಂದ ಊಟ. ರೋಗ ತಣಿದವರ ಪ್ರಮಾಣ ಕ್ರಮವಾಗಿ ನೂರಕ್ಕೆ 71, 58, 60. ಅಷ್ಟು ಸಣ್ಣ ಗುಂಪುಗಳಲ್ಲಿ ಈ ಅಂತರವು ಆಕಸ್ಮಿಕವಾಗಿಯೂ ಬರಬಹುದಾದುದು. ಗುಣವು ಬಿಡುವಿನಿಂದಲೇ ಬಂದಿತೆಂದು ಹೇಳಲು ಅದು ಸಾಲದು. ಮೂರು ಗುಂಪುಗಳಿಗೂ ಸಮಾನವಾಗಿದ್ದುದು ಒಂದೇ: ಯಾರೂ ಪೋಷಣೆಯಿಲ್ಲದೆ ಇರಲಿಲ್ಲ.

ಈ ಪಾಠವನ್ನು ಮಕ್ಕಳ ಚಿಕಿತ್ಸೆ ಇನ್ನಷ್ಟು ಸ್ಪಷ್ಟಪಡಿಸಿತು. ಕ್ರೋನ್ ರೋಗವಿರುವ ಮಕ್ಕಳಿಗೆ 6ರಿಂದ 8 ವಾರಗಳ ಕಾಲ ಬೇರೆ ಊಟವನ್ನೆಲ್ಲ ನಿಲ್ಲಿಸಿ, ಸಕಲ ಪೋಷಕಾಂಶಗಳನ್ನೂ ಒಳಗೊಂಡ ಪಾನೀಯವನ್ನು ಮಾತ್ರ ಕೊಡುವ ಕ್ರಮವು ಇಂದು ಅನೇಕ ದೇಶಗಳಲ್ಲಿ ಮೊದಲ ಚಿಕಿತ್ಸೆಯಾಗಿದೆ. ಹೆಚ್ಚಿನ ಮಕ್ಕಳಲ್ಲಿ ಅದು ಸ್ಟೀರಾಯ್ಡಿಗೆ ಸಮನಾಗಿ ರೋಗವನ್ನು ತಣಿಸುತ್ತದೆ. ಸ್ಟೀರಾಯ್ಡಿನಿಂದ ಕುಂಠಿತವಾಗುವ ಬೆಳವಣಿಗೆಗೂ ಇದರಿಂದ ಅಡ್ಡಿಯಿಲ್ಲ. ಹೊರನೋಟಕ್ಕೆ ಇದೂ ಒಂದು ವ್ರತದಂತೆಯೇ ಇದೆ: ಮುದ್ದೆಯಿಲ್ಲ, ಅನ್ನವಿಲ್ಲ, ಸಾರಿಲ್ಲ. ಆದರೆ ಆ ಮಗುವಿನ ಹೊಟ್ಟೆ ಬರಿದಾಗಿಲ್ಲ. ಅದಕ್ಕೆ ಬೇಕಾದ ಶಕ್ತಿ, ಸಸಾರಜನಕ, ಕಬ್ಬಿಣ ಎಲ್ಲವೂ ದಿನದಿನವೂ ಸೇರುತ್ತಿವೆ.

ಹೊಸ ಪ್ರಯೋಗಗಳು

ಹಾಗಾದರೆ ಉಪವಾಸದ ವಿಚಾರ ಅಲ್ಲಿಗೇ ಮುಗಿಯಿತೆ? ಇಲ್ಲ. 2019ರಲ್ಲಿ ದಕ್ಷಿಣ ಕ್ಯಾಲಿಫೋರ್ನಿಯ ವಿಶ್ವವಿದ್ಯಾನಿಲಯದ ವಾಲ್ಟರ್ ಲಾಂಗೊ ಅವರ ತಂಡವು ಕರುಳಿನ ಉರಿಯೂತ ಬರಿಸಿದ ಇಲಿಗಳಿಗೆ ಕೆಲವು ದಿನ ಬಹಳ ಕಡಿಮೆ ಶಕ್ತಿಯ ಸಸ್ಯಾಹಾರವನ್ನು ಕೊಟ್ಟು, ಮತ್ತೆ ಎಂದಿನ ಮೇವಿಗೆ ತಿರುಗಿಸಿತು. ಹುಣ್ಣು ಮಾದುಬಂದಿತು, ಕರುಳು ತನ್ನ ಉದ್ದವನ್ನು ಮರಳಿ ಪಡೆಯಿತು. ಸ್ವಾರಸ್ಯವೆಂದರೆ, ಬರಿಯ ನೀರು ಕುಡಿಸಿ ಉಪವಾಸವಿರಿಸಿದ ಇಲಿಗಳಲ್ಲಿ ಇಷ್ಟು ಗುಣ ಕಾಣಲಿಲ್ಲ!

ಮನುಷ್ಯರಲ್ಲಿ ನಡೆದ ಪ್ರಯೋಗಗಳು ಇನ್ನೂ ಬೆರಳೆಣಿಕೆಯಷ್ಟೇ. ರಂಜಾನ್ ಉಪವಾಸ ಮಾಡಿದ 80 ರೋಗಿಗಳನ್ನು ಈಜಿಪ್ಟಿನ ವೈದ್ಯರು ಪರೀಕ್ಷಿಸಿ 2022ರಲ್ಲಿ ವರದಿ ಮಾಡಿದರು. ರಕ್ತದಲ್ಲಿಯೂ ಮಲದಲ್ಲಿಯೂ ಉರಿಯೂತದ ಗುರುತುಗಳು ಹೆಚ್ಚಲಿಲ್ಲ, ತಗ್ಗಲೂ ಇಲ್ಲ. ಆದರೆ ಕೊಲೈಟಿಸ್ ಇದ್ದವರಲ್ಲಿ ರೋಗಲಕ್ಷಣಗಳು ಸ್ವಲ್ಪ ಏರಿದ್ದುವು. 2026ರಲ್ಲಿ ಹೊರಬಿದ್ದ ಎರಡು ವರದಿಗಳು ಹೆಚ್ಚು ಭರವಸೆ ಹುಟ್ಟಿಸುತ್ತವೆ. ಕೆನಡಾದ ಕ್ಯಾಲ್ಗರಿಯಲ್ಲಿ ಕ್ರೋನ್ ರೋಗದ ಜೊತೆಗೆ ಅತಿತೂಕವೂ ಇದ್ದ 35 ವಯಸ್ಕರಲ್ಲಿ ಕೆಲವರು 12 ವಾರಗಳ ಕಾಲ ದಿನದ 8 ಗಂಟೆಗಳೊಳಗೆ ಮಾತ್ರ ಉಂಡರು. ಅವರಲ್ಲಿ ರೋಗದ ಆರ್ಭಟ ತಗ್ಗಿತು, ಹೊಟ್ಟೆಯೊಳಗಿನ ಕೊಬ್ಬೂ ಕರಗಿತು. ಅಮೆರಿಕದ ಸ್ಟ್ಯಾನ್‌ಫರ್ಡಿನಲ್ಲಿ ಸೌಮ್ಯದಿಂದ ಮಧ್ಯಮ ತೀವ್ರತೆಯ ಕ್ರೋನ್ ರೋಗವಿದ್ದ 97 ಮಂದಿಯಲ್ಲಿ ಒಂದು ಗುಂಪು ಮೂರು ತಿಂಗಳು, ತಿಂಗಳಿಗೆ 5 ದಿನ ಮಾತ್ರ ಅಳತೆಯ ಅಲ್ಪಾಹಾರವನ್ನು ತೆಗೆದುಕೊಂಡಿತು. ಎಂದಿನಂತೆ ಉಂಡವರಿಗಿಂತ ಈ ಗುಂಪಿನಲ್ಲಿ ಹೆಚ್ಚು ಮಂದಿಗೆ ಗುಣ ಕಂಡಿತು.

ಈ ವರದಿಗಳನ್ನು ಓದುವಾಗ ಮೂರು ಸಂಗತಿಗಳನ್ನು ಗಮನಿಸಬೇಕು. ಸೇರಿದವರು ಕೆಲವೇ ಮಂದಿ, ಕಾಲವೂ ಕೆಲವೇ ತಿಂಗಳು. ಅವರೆಲ್ಲರೂ ವೈದ್ಯರ ಕಣ್ಣೆದುರಿನಲ್ಲಿ ಇದ್ದವರು. ಕ್ಯಾಲ್ಗರಿಯಲ್ಲಿ ಲಾಭ ಪಡೆದವರ ಮೈಯಲ್ಲಿ ಕರಗಿಸಲು ಕೊಬ್ಬು ಇತ್ತು. ನಮ್ಮ ದೊಡ್ಡಬಳ್ಳಾಪುರದ ಹುಡುಗನ ಮೈಯಲ್ಲಿ ಕರಗಲು ಏನಿದೆ? ಉಪವಾಸವು ಮೊದಲು ತಿನ್ನುವುದು ಅವನ ಸ್ನಾಯುವನ್ನೇ. ರಕ್ತ ಹೋಗುತ್ತಿರುವುದರಿಂದ ಅವನಿಗೆ ಈಗಾಗಲೇ ಕಬ್ಬಿಣದ ಕೊರತೆಯುಂಟು. ಭೇದಿಯಿಂದ ನೀರೂ ಲವಣವೂ ಸೋರುತ್ತಿವೆ. ಸಣ್ಣಕರುಳಿನ ಕೊನೆಯ ಭಾಗ ಕೆಟ್ಟಿದ್ದರೆ ಬಿ12 ಜೀವಸತ್ವವೂ ಹೀರಲ್ಪಡುವುದಿಲ್ಲ. ಬೆಳೆಯುವ ಮಕ್ಕಳು, ಬಸುರಿಯರು, ತೂಕ ಇಳಿದವರು, ರೋಗ ಕೆರಳಿರುವವರು ಇವರಿಗೆ ಉಪವಾಸವು ಹಾನಿಯನ್ನೇ ತರುತ್ತದೆ. ಹಿಂದೂ ವ್ರತಗಳಲ್ಲಿಯೂ ಇಸ್ಲಾಮಿನ ವಿಧಿಯಲ್ಲಿಯೂ ರೋಗಿಗಳಿಗೆ ಉಪವಾಸದಿಂದ ವಿನಾಯಿತಿ ಇರುವುದು ಹಿರಿಯರ ವಿವೇಕಕ್ಕೆ ಸಾಕ್ಷಿ.

ಇನ್ನು, ಔಷಧವನ್ನು ಬಿಟ್ಟು ಉಪವಾಸವನ್ನು ಹಿಡಿಯುವುದು ಎಲ್ಲಕ್ಕಿಂತ ದೊಡ್ಡ ಅಪಾಯ. 1955ರಲ್ಲಿ ಆಕ್ಸ್‌ಫರ್ಡಿನ ಟ್ರೂಲವ್ ಮತ್ತು ವಿಟ್ಸ್ ಎಂಬವರು 210 ಕೊಲೈಟಿಸ್ ರೋಗಿಗಳ ಮೇಲಿನ ಪ್ರಯೋಗವನ್ನು ಪ್ರಕಟಿಸಿದರು. ಕಾರ್ಟಿಸೋನ್ ಪಡೆದವರಲ್ಲಿ ನೂರಕ್ಕೆ 41 ಮಂದಿಗೆ ರೋಗ ತಣಿಯಿತು. ಹುಸಿಮಾತ್ರೆ ಪಡೆದವರಲ್ಲಿ 16 ಮಂದಿಗೆ ಮಾತ್ರ. ಅಲ್ಲಿಂದ ಈಚೆಗೆ ಸೌಮ್ಯವಾದ ಮಾತ್ರೆಗಳೂ ಬಲವಾದ ಚುಚ್ಚುಮದ್ದುಗಳೂ ಬಂದಿವೆ. ರೋಗ ತಣಿದ ಮೇಲೆ ಮೆಸಲಮೀನ್ ಮಾತ್ರೆಯನ್ನು ಸರಿಯಾಗಿ ನುಂಗದವರಲ್ಲಿ ರೋಗ ಮರುಕಳಿಸುವ ಸಂಭವವು, ಸರಿಯಾಗಿ ನುಂಗುವವರಿಗಿಂತ ಐದು ಪಟ್ಟಿಗೂ ಹೆಚ್ಚೆಂದು 2003ರ ಒಂದು ಅಧ್ಯಯನ ತೋರಿಸಿದೆ.

ರಾಗಿಯ ಸೀಮೆಯಲ್ಲಿ ಊಟದ ವಿವೇಕ

ಹಾಗಾದರೆ ರೋಗಿಯು ಏನನ್ನು ಉಣ್ಣಬೇಕು? ಉತ್ತರವು ಕಾಲಕ್ಕೆ ತಕ್ಕಂತೆ ಬದಲಾಗುತ್ತದೆ. ನೂರು ಗ್ರಾಮು ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಸುಣ್ಣದ ಅಂಶವುಂಟು. ಸ್ಟೀರಾಯ್ಡಿನಿಂದ ಮೂಳೆ ಸವೆಯುವವರಿಗೆ ಇದು ದೊಡ್ಡ ಆಸರೆ. ಆದರೆ ರಾಗಿಯಲ್ಲಿ ನಾರೂ ಹೆಚ್ಚು. ರೋಗ ತಣಿದಿದ್ದಾಗ ನಾರು ಹಿತಕರವಾದುದು. ರೋಗ ಕೆರಳಿದಾಗ ಅಥವಾ ಕ್ರೋನ್ ರೋಗದಿಂದ ಕರುಳಿನ ದಾರಿ ಇರುಕಾಗಿರುವಾಗ ಒರಟು ನಾರು ಸಿಕ್ಕಿಕೊಂಡು ದಾರಿಯನ್ನೇ ಮುಚ್ಚಬಹುದು. ಅಂಥ ವೇಳೆಯಲ್ಲಿ ಬಟ್ಟೆಯಲ್ಲಿ ಶೋಧಿಸಿದ ರಾಗಿಯ ಗಂಜಿ, ಮೆತ್ತಗೆ ಬೇಯಿಸಿದ ಅನ್ನ, ತೆಳುವಾದ ಬೇಳೆಕಟ್ಟು ಸುಲಭವಾಗಿ ಸಾಗುತ್ತವೆ. ಅವರೆಕಾಳನ್ನು ನೆನೆಹಾಕಿ ಸಿಪ್ಪೆ ಹಿತಕುವ ನಮ್ಮ ಹೆಂಗಸರು ರುಚಿಗಾಗಿ ಮಾಡುವ ಕೆಲಸವು ಇಲ್ಲಿ ಕರುಳಿಗೂ ಉಪಕಾರಿ.

ದೇವನಹಳ್ಳಿಯ ಹೆಸರಾಂತ ಚಕ್ಕೋತದ ವಿಷಯದಲ್ಲಿ ಇನ್ನೊಂದು ಎಚ್ಚರ ಬೇಕು. ಅದರ ತೊಳೆಯ ಬಿಳಿಯ ಪೊರೆ ಇರುಕಾದ ಕರುಳಿನಲ್ಲಿ ಸಿಕ್ಕಿಕೊಳ್ಳುವಂಥದು. ಅಲ್ಲದೆ ಚಕ್ಕೋತದಿಂದಲೇ ಹುಟ್ಟಿದ ಸಂಕರ ಹಣ್ಣಾದ ಗ್ರೇಪ್‌ಫ್ರೂಟು, ಈ ರೋಗಕ್ಕೆ ಕೊಡುವ ಬುಡೆಸೊನೈಡ್ ಎಂಬ ಔಷಧವು ರಕ್ತದಲ್ಲಿ ಮಿತಿಮೀರುವಂತೆ ಮಾಡುತ್ತದೆ. ಚಕ್ಕೋತದಲ್ಲಿಯೂ ಅದೇ ಬಗೆಯ ರಾಸಾಯನಿಕಗಳಿರುವುದರಿಂದ, ಮದ್ದು ತೆಗೆದುಕೊಳ್ಳುವವರು ವೈದ್ಯರನ್ನು ಕೇಳಿಯೇ ಅದನ್ನು ತಿನ್ನುವುದು ಲೇಸು.

ರೋಗ ತಣಿದು, ತೂಕವೂ ರಕ್ತವೂ ಸರಿಯಾಗಿ, ಔಷಧವೂ ನಡೆಯುತ್ತಿರುವವನು ರಾತ್ರಿಯ ಊಟವನ್ನು ಬೇಗನೆ ಮುಗಿಸಿ ಬೆಳಗಿನವರೆಗೆ ಬಾಯಿ ಕಟ್ಟಿದರೆ ತಪ್ಪೇನಿಲ್ಲ. ರಾತ್ರಿ ಎಂಟಕ್ಕೆ ಉಂಡು ಬೆಳಗ್ಗೆ ಎಂಟಕ್ಕೆ ತಿಂಡಿ ತಿಂದರೂ 12 ಗಂಟೆಗಳ ಉಪವಾಸವಾಯಿತು. ರೈತರ ಮನೆಗಳಲ್ಲಿ ಇದು ಹಿಂದಿನಿಂದಲೂ ಇದ್ದ ರೂಢಿಯೇ. ಇದಕ್ಕಿಂತ ಹೆಚ್ಚಿನ ಉಪವಾಸವನ್ನು ಮಾಡಬಯಸುವವನು ತನ್ನ ವೈದ್ಯರಿಗೆ ತಿಳಿಸಿ, ತೂಕವನ್ನು ವಾರವಾರವೂ ನೋಡಿಕೊಳ್ಳುತ್ತ ಮಾಡಬೇಕು.

ಈಗ ನಮ್ಮ ನೇಕಾರರ ಮನೆಗೆ ಮರಳೋಣ. ಅಜ್ಜಿಯ ಮಾತಿನಲ್ಲಿ ಸತ್ಯದ ಒಂದು ಕಾಳು ಇದೆ. ಅದನ್ನು ಬೆಳೆಯೆಂದು ತಿಳಿದರೆ ಮೋಸ. ಹುಡುಗನಿಗೆ ಈ ವಾರ ಬೇಕಾದುದು ಒಪ್ಪತ್ತಲ್ಲ. ಬಸ್ಸು ಹತ್ತಿ ಕರುಳಿನ ವೈದ್ಯರಲ್ಲಿಗೆ ಹೋಗುವುದು. ರಕ್ತ ಕಂಡ ದಿನವೇ ಅವನು ನಾಚಿಕೆ ಬಿಟ್ಟು ಮನೆಯಲ್ಲಿ ಹೇಳಿದ್ದರೆ ಮೂರು ತಿಂಗಳು ಉಳಿಯುತ್ತಿತ್ತು. ಈ ಬೇನೆಯು ಹದಿನೈದರಿಂದ ಮೂವತ್ತೈದರ ಹರೆಯದವರನ್ನೇ ಹೆಚ್ಚಾಗಿ ಹಿಡಿಯುವುದರಿಂದ, ಇದನ್ನು ಓದುತ್ತಿರುವ ವಿದ್ಯಾರ್ಥಿಗಳ ತರಗತಿಯಲ್ಲಿಯೇ ಅಂಥ ಒಬ್ಬನಿರಬಹುದು, ಒಬ್ಬಳಿರಬಹುದು. ಪಾಠದ ನಡುವೆ ಪದೇ ಪದೇ ಎದ್ದು ಹೋಗುವವರನ್ನು ಕಂಡು ನಗುವ ಮುನ್ನ ಇದನ್ನು ನೆನೆಯಿರಿ.

ಊಟ ಬಲ್ಲವನಿಗೆ ರೋಗವಿಲ್ಲ ಎಂಬುದು ನಮ್ಮ ಇನ್ನೊಂದು ಗಾದೆ. ಊಟವನ್ನು ಬಿಡಬಲ್ಲವನಿಗೆ ಎಂದು ಅದು ಹೇಳುವುದಿಲ್ಲ.